ಮುಟ್ಟು ನಿಂತರೂ ಹೃದಯದ ಕಾವಲು ನಿಲ್ಲದಿರಲಿ

ಮುಟ್ಟು ನಿಂತೊಡನೆ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಕೂಡ ತೊಲಗಿತೆಂದು ನೆಮ್ಮದಿಯ ಉಸಿರು ಬಿಡುವ ತಾಯಂದಿರೇ, ಒಂದೆರಡು ನಿಮಿಷ ಈ ಮಾತಿಗೆ ಕಿವಿಗೊಡಿರಿ.

1935ರಲ್ಲಿ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರಿಬ್ಬರು ವರ್ಣಿಸಿದ ಈ ವ್ಯಾಧಿಯು ಅಂಡಾಶಯದ ಹೆಸರನ್ನು ಹೊತ್ತಿದ್ದರೂ ಅಂಡಾಶಯಕ್ಕಷ್ಟೇ ಸೀಮಿತವಾದುದಲ್ಲ. ಇನ್ಸುಲಿನ್ನಿನ ಆಜ್ಞೆಗೆ ದೇಹವು ಸರಿಯಾಗಿ ಓಗೊಡದಿರುವ ದೋಷವು ಅನೇಕರಲ್ಲಿ ಇದರ ಜೊತೆಗೂಡಿದ್ದು, ಕೊರಳ ಸರದ ಕೆಳಗೆ ಎಷ್ಟು ಉಜ್ಜಿದರೂ ಹೋಗದ ಮಖಮಲ್ಲಿನಂಥ ಕಪ್ಪು ಛಾಯೆಯು ಕೊಳೆಯಲ್ಲ, ಅನೇಕ ವೇಳೆ ಆ ದೋಷದ ಕುರುಹು.

ನಲವತ್ತರ ಆಸುಪಾಸಿನಲ್ಲಿ ಋತುಚಕ್ರವು ತಾನಾಗಿ ಕ್ರಮಕ್ಕೆ ಬರುವುದುಂಟು. ಆದರೆ ಇನ್ಸುಲಿನ್ನಿನ ತೊಡಕು ಉಳಿದೇ ಇರಬಹುದು. ಅನಂತರ ಋತುಬಂಧದಲ್ಲಿ ಈಸ್ಟ್ರೋಜನ್ ಇಳಿದು, ಕೆಟ್ಟ ಕೊಲೆಸ್ಟೆರಾಲ್ ಏರಿ, ಕೊಬ್ಬು ಉದರದಲ್ಲಿ ಶೇಖರವಾಗಿ, ರಕ್ತನಾಳಗಳು ತಮ್ಮ ಮಾರ್ದವವನ್ನು ಕಳೆದುಕೊಳ್ಳುವಾಗ, ಹೃದಯಕ್ಕೆ ಹಳೆಯ ಹೊರೆಯ ಮೇಲೆ ಹೊಸ ಹೊರೆ ಬಿದ್ದಂತಾಗುತ್ತದೆ.

ಆದುದರಿಂದ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನೂ, ವೈದ್ಯರು ಹೇಳಿದ ಅವಧಿಗೆ ಸಕ್ಕರೆ, ಕೊಲೆಸ್ಟೆರಾಲುಗಳನ್ನೂ ಪರೀಕ್ಷಿಸಿಕೊಳ್ಳಿರಿ. ಹರೆಯದಲ್ಲಿ ಪಿಸಿಓಎಸ್ ಇದ್ದಿತೆಂಬುದನ್ನು ಮರೆಯದೆ ತಿಳಿಸಿರಿ. ಲಂಗದ ಲಾಡಿಯು ಗಿಡ್ಡವೆನಿಸತೊಡಗಿದರೆ ಟೇಪು ಹಿಡಿದು ನೋಡಿರಿ. ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟುವುದು ಎಚ್ಚರಿಕೆಯ ಗಂಟೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಅನ್ನ ತಗ್ಗಿಸಿ ಕಾಳು ಸೊಪ್ಪು ಹೆಚ್ಚಿಸಿದ ಊಟ, ತುಂಬು ನಿದ್ರೆ, ಇವೇ ನಿತ್ಯದ ರಕ್ಷೆ.

ಹೊಸದಾಗಿ ಏದುಸಿರು, ದವಡೆನೋವು, ತಣ್ಣನೆಯ ಬೆವರು ಕಂಡರೆ, ಎದೆ ನೋಯದಿದ್ದರೂ, ಗ್ಯಾಸೆಂದು ಮಜ್ಜಿಗೆ ಕುಡಿದು ಮಲಗದೆ, ಹೃದಯಾಘಾತವಿರಬಹುದೆಂದು ಬಗೆದು ಕೂಡಲೇ ಆಸ್ಪತ್ರೆಗೆ ತೆರಳಿರಿ.

ಮನೆಮಂದಿಯ ಮಾತ್ರೆಗಳ ಲೆಕ್ಕವನ್ನು ತಪ್ಪದೆ ಇಡುವ ತಾಯಿಯು ತನ್ನ ಹೃದಯದ ಲೆಕ್ಕವನ್ನೂ ಇಡಲಿ.