ಜಾರುವ ನೆಲವೂ ಹಳೆಯ ಲೇಪವೂ

ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವುದು. ಅದರ ಹೆಚ್ಚಿನ ಪಾಲು ಜೂನಿನಿಂದ ಸಪ್ಟೆಂಬರಿನೊಳಗೇ ಬೀಳುವುದು. ಇಂತಹ ನಾಡಿನಲ್ಲಿ ನುಣ್ಣಗೆ ತೀಡಿದ ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟದಿರುವುದೆಂತು? ಸೆಗಣಿ ಸಾರಿಸಿದ ಅಂಗಳ ಹೋಗಿ ಸಿಮೆಂಟಿನದು ಬಂದಮೇಲೆ, ಬಾವಿಕಟ್ಟೆಯ ಬಳಿ ಜಾರಿ ಸೊಂಟ ಮುರಿದುಕೊಂಡ ಹಿರಿಯರಿಲ್ಲದ ಊರು ವಿರಳ. ಆದುದರಿಂದ ನೆಲವನ್ನು ಒರಟುಗೊಳಿಸುವ ಮತ್ತು ಹಳೆಯ ಲೇಪವನ್ನು ತೆಗೆಯುವ ಸಾಧನಗಳನ್ನು ಈ ಹೊತ್ತು ವಿಚಾರಿಸೋಣ.

ಹೊಸ ನೆಲಕ್ಕೆ ನಮ್ಮ ಮನೆಯ ಹಿಡಿಸೂಡಿಗಿಂತ ಅಗ್ಗದ ಉಪಕರಣವಿಲ್ಲ. ಕಾಂಕ್ರೀಟಿನ ಮೇಲೆ ಒಸರಿದ ನೀರು ಆರಿ, ಬೆರಳೊತ್ತಿದರೆ ಅಲ್ಪ ಗುರುತು ಮಾತ್ರ ಮೂಡುವ ಹೊತ್ತಿನಲ್ಲಿ ಅದನ್ನು ಒಂದೇ ದಿಕ್ಕಿಗೆ ಎಳೆಯತಕ್ಕದ್ದು. ಮುಂಚೆ ಎಳೆದರೆ ಜಲ್ಲಿ ಮೇಲೇಳುವುದು. ತಡವಾದರೆ ಗೆರೆಯೇ ಬೀಳದು. ಗೆರೆಗಳು ನಡೆಯುವ ದಿಕ್ಕಿಗೆ ಅಡ್ಡವಾಗಿದ್ದು, ದಾರಿಯ ನಡುವಿನಿಂದ ಅಂಚಿಗೆ ತುಸು ಇಳಿಜಾರಿದ್ದರೆ ಕಾಲಿಗೆ ಹಿಡಿತವೂ ನೀರಿಗೆ ಹಾದಿಯೂ ದೊರೆಯುವುವು. ಅನಂತರ ಏಳು ದಿನವಾದರೂ ನೆಲವನ್ನು ತೇವವಾಗಿಡಬೇಕು. ಅಡಕೆ ಒಣಗಿಸುವ ಅಂಗಳಕ್ಕೆ ಆಳವಾದ ಗೆರೆ ಬೇಡ, ಗುಡಿಸುವುದು ಕಷ್ಟ. ಹಟ್ಟಿಯಲ್ಲಾದರೋ ಬೆರಳುದಪ್ಪದ ಕಾಲುವೆಗೆರೆಗಳು ಬೇಕು. ಆದರೆ ಅವುಗಳ ಅಂಚು ಹರಿತವಾಗಿದ್ದರೆ ದನಗಳ ಗೊರಸು ಸವೆಯುವುದು.

ಗಟ್ಟಿಯಾದ ಹಳೆಯ ನೆಲಕ್ಕೆ ಕಲ್ಲುಕುಟಿಗರ ಸಾಧನವೇ ಬೇಕಾಗುವುದು. 1432ರಲ್ಲಿ ನಿಂತ ಗೊಮ್ಮಟನ ಊರಾದ ಕಾರ್ಕಳದಲ್ಲಿ ಉಳಿ ಸುತ್ತಿಗೆಗಳ ಪರಿಚಯವನ್ನು ಹೇಳಿಕೊಡಬೇಕಾದುದಿಲ್ಲ. ಮುಖದಲ್ಲಿ ಮೊನಚಾದ ಹಲ್ಲುಗಳುಳ್ಳ ಸುತ್ತಿಗೆಯಿಂದ ಕಲ್ಲನ್ನು ಒರಟುಗೊಳಿಸುವಂತೆ ಕಾಂಕ್ರೀಟನ್ನೂ ಒರಟುಗೊಳಿಸಬಹುದು. ವಿಸ್ತಾರವಾದ ನೆಲಕ್ಕೆ, ತಿರುಗುವ ಹಲ್ಲುಚಕ್ರಗಳಿಂದ ಮೇಲ್ಮೈಯನ್ನು ಕೆರೆಯುವ ಯಂತ್ರವುಂಟು. ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಎರಚಿ, ಮತ್ತೆ ಹೀರಿಕೊಳ್ಳುವ ಯಂತ್ರವೂ ಉಂಟು.

ಬಣ್ಣವೆದ್ದ ನೆಲವನ್ನು ಕೂಡಲೆ ಕೆರೆಯಲು ಹೊರಡುವವರೇ ಹೆಚ್ಚು. ಅದೇಕೆ ಎದ್ದಿತೆಂದು ಮೊದಲು ತಿಳಿಯುವುದು ಮೇಲು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ನೆಲಕ್ಕೆ ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಹದಿನಾರು ಗಂಟೆ ಬಿಟ್ಟು ನೋಡಿರಿ. ಅಡಿಯಲ್ಲಿ ಬೆವರು ಕೂಡಿದ್ದರೆ ಭೂಮಿಯ ತೇವ ಮೇಲೇರುತ್ತಿದೆಯೆಂದರ್ಥ. ಅದನ್ನು ತಡೆಯದೆ ಬಳಿದ ಬಣ್ಣವೂ ಹಳೆಯದರ ಹಾದಿಯನ್ನೇ ಹಿಡಿಯುವುದು. ಎದ್ದ ಪದರಕ್ಕೆ ಕೈಯ ಕೆರೆಯುವ ಅಲಗು ಸಾಕು. ಅಂಟಿಕೊಂಡುದಕ್ಕೆ ವಜ್ರದ ಕಣಗಳುಳ್ಳ ಬಟ್ಟಲುಚಕ್ರದ ಅರೆಯುವ ಯಂತ್ರ. ಕಾಪುವಿನಂತಹ ಕಡಲಕರೆಯ ಊರುಗಳಲ್ಲಿ ಕಬ್ಬಿಣದ ತಂತಿಬ್ರಷ್ಷನ್ನು ನಾವು ಮೆಚ್ಚುವುದಿಲ್ಲ. ಮುರಿದುಳಿದ ತಂತಿಯ ಚೂರು ಉಪ್ಪುಗಾಳಿಗೆ ತುಕ್ಕು ಹಿಡಿದು ನೆಲದಲ್ಲಿ ಕಲೆ ಬಿಡುವುದು.

ಧೂಳಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ಒಣ ಕಾಂಕ್ರೀಟನ್ನು ಅರೆದಾಗ ಏಳುವ ಮರಳುಕಲ್ಲಿನ ಪುಡಿಯಲ್ಲಿ ಅಪಾಯಕರವಾದುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರನ ಪುಪ್ಪುಸ ಗಟ್ಟಿಯಾಗುವುದು. ಆ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಮೂಗಿಗೆ ಕಟ್ಟಿದ ಬೈರಾಸು ಇದನ್ನು ತಡೆಯಲಾರದು. ನೀರು ಹಾಯಿಸುತ್ತ ಅರೆಯಬೇಕು, ಇಲ್ಲವೆ ಧೂಳು ಹೀರುವ ಯಂತ್ರವನ್ನು ಜೋಡಿಸಬೇಕು. ತಕ್ಕ ಮುಖಕವಚವನ್ನೂ ಕೊಡಬೇಕು. ದಿನಗೂಲಿಯವನು ಇವನ್ನು ತಾನಾಗಿ ಕೇಳುವುದು ಅಪರೂಪ; ಒದಗಿಸುವ ಹೊಣೆ ಕೆಲಸ ಮಾಡಿಸುವವರದು. ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ಮಕ್ಕಳನ್ನು ಹತ್ತಿರ ಬಿಡಕೂಡದು.

ಇನ್ನು ಕಾವಿ ನೆಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಳಚಿ ತಂದು ಮರಳಿ ನಿಲ್ಲಿಸಿದರು. ಅಷ್ಟು ಶ್ರಮ ನಮಗೆ ಸಾಧ್ಯವಿಲ್ಲದಿದ್ದರೂ, ಅಜ್ಜನ ಕಾಲದ ಕೆಂಪು ನೆಲದ ಮೇಲೆ ಅರೆಯುವ ಯಂತ್ರವನ್ನು ಹರಿಸದಿರುವುದು ಸಾಧ್ಯ. ಅದರ ಬಣ್ಣದ ಪದರ ಬಲು ತೆಳುವು. ಒಮ್ಮೆ ಕೆರೆದುಹೋದರೆ ತೇಪೆ ಹಾಕಿದ್ದು ಎದ್ದು ಕಾಣುವುದು. ಆಮ್ಲವೂ ಕೂಡದು, ಅದು ಸುಣ್ಣ ಸಿಮೆಂಟುಗಳನ್ನೇ ತಿನ್ನುವುದು. ಮೇಲೆ ಯಾರೋ ಬಳಿದ ವಾರ್ನಿಷನ್ನು ತೆಗೆಯಬೇಕಾದರೆ, ಕಿಟಕಿ ಬಾಗಿಲು ತೆರೆದಿಟ್ಟು, ದೀಪ ಒಲೆಗಳನ್ನು ಆರಿಸಿ, ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ಕಪಾಟಿನ ಅಡಿಯ ಒಂದು ಮೂಲೆಯಲ್ಲಿ ಒರಸಿ ಪರೀಕ್ಷಿಸಿರಿ.