ಅಗ್ಗಿಷ್ಟಿಕೆಯ ಹಾಸು ಏಕೆ ಕುಸಿಯುತ್ತದೆ?

ಮಡಿಕೇರಿ, ಉದಕಮಂಡಲಗಳ ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶದ 18ನೇ ಶತಮಾನದ ಮನೆಗಳಲ್ಲಿ ಚಳಿ ಕಾಯುವುದಕ್ಕೂ ಅಡುಗೆಗೂ ಇದೇ ಆಸರೆಯಾಗಿತ್ತು. ಇಂದಿಗೂ ಉಳಿದಿರುವ ಅಂತಹ ಮನೆಗಳಲ್ಲಿ ಆಗಾಗ ಕಾಣುವ ತೊಂದರೆಯೊಂದಿದೆ. ಬೆಂಕಿಗೂಡಿನ ಮುಂದೆ ಕೋಣೆಯೊಳಕ್ಕೆ ಚಾಚಿರುವ ಇಟ್ಟಿಗೆಯ ಹಾಸು ಜಗ್ಗಿ ತಗ್ಗಾಗುತ್ತದೆ.

ಹೀಗೇಕಾಗುತ್ತದೆ? ಉತ್ತರ ನೆಲದಡಿಯಲ್ಲಿದೆ. ಬೆಂಕಿಗೂಡು ಮತ್ತು ಚಿಮಣಿಯ ಭಾರವನ್ನು ತಳಪಾಯದಿಂದಲೇ ಎದ್ದ ಇಟ್ಟಿಗೆ ಇಲ್ಲವೆ ಕಲ್ಲಿನ ಕಟ್ಟಡ ಹೊರುತ್ತದೆ. ಮುಂದಿನ ಹಾಸಿನ ಕೆಳಗಾದರೋ ಟೊಳ್ಳು. ಅದನ್ನು ಹೊರಲು ಚಿಮಣಿಯ ಬುಡದಿಂದ ಎದುರಿನ ಮರದ ತೊಲೆಯವರೆಗೆ ಇಟ್ಟಿಗೆಯ ಅರೆಗಮಾನು ಕಟ್ಟುತ್ತಿದ್ದರು. ಕೆಲವೆಡೆ ಬರಿಯ ಹಲಗೆ ಜೋಡಿಸುತ್ತಿದ್ದರು. ಕಮಾನಿನ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ಎರಡೂ ತುದಿಗಳು ಅಲುಗದಿದ್ದರೆ ಮಾತ್ರ ಈ ಒತ್ತಡ ಉಳಿಯುತ್ತದೆ. ಆದರೆ ಮರ ಒಣಗಿ ಕುಗ್ಗುತ್ತದೆ, ನಿರಂತರ ಭಾರಕ್ಕೆ ಬಾಗುತ್ತದೆ, ತೇವದಲ್ಲಿ ಕೊಳೆಯುತ್ತದೆ. ತೊಲೆ ಸರಿದರೆ ಕಮಾನು ಸಡಿಲಗೊಂಡು ಹಾಸು ಕುಸಿಯುತ್ತದೆ.

ತಗ್ಗಿಗೆ ಮೇಲಿಂದ ಸಿಮೆಂಟು ಸುರಿದು ಮಟ್ಟ ಮಾಡಿದರೆ ಸಾಲದೆ? ಸಾಲದು. ಭಾರ ಹೆಚ್ಚುತ್ತದೆ, ಬಿರುಕು ಮರೆಯಾಗುತ್ತದೆ, ಮೂಲ ದೋಷ ಹಾಗೆಯೇ ಇರುತ್ತದೆ. ಸಂದಿಯಲ್ಲಿ ಜಾರಿದ ಕೆಂಡ ಕೆಳಗಿನ ಒಣಮರಕ್ಕೆ ತಗುಲಿದರೆ ಇಡೀ ಮನೆಗೇ ಅಪಾಯ. ಅಲ್ಲಿನವರಿಗೆ ಈ ಭಯ ಹೊಸದಲ್ಲ. ಬಾಸ್ಟನ್ನಿನ ಬೆಂಕಿ ಅನಾಹುತದ ಬಳಿಕ, 1631ರಲ್ಲೇ, ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತಗಾರರು ತಾವು ಕಟ್ಟಲಿದ್ದ ಹೊಸ ಊರಿನಲ್ಲಿ ಮರದ ಚಿಮಣಿ, ಹುಲ್ಲಿನ ಮಾಡು ಕೂಡದೆಂದು ವಿಧಿಸಿದ್ದರು.

ದುರಸ್ತಿಯ ಕ್ರಮ ಹೀಗೆ. ಮೊದಲು ಬೆಂಕಿ ಹಾಕುವುದನ್ನು ನಿಲ್ಲಿಸಬೇಕು. ನೆಲಮಾಳಿಗೆಗಿಳಿದು ತೊಲೆಯ ಕೆಳಗೆ ತಾತ್ಕಾಲಿಕ ಕಂಬ ಕೊಟ್ಟು, ತೇವ ಎಲ್ಲಿಂದ ಬರುತ್ತಿದೆಯೆಂದು ಪತ್ತೆ ಹಚ್ಚಬೇಕು. ಬಳಿಕ ಹಾಸಿನ ಛಾಯಾಚಿತ್ರ ತೆಗೆದು, ಪ್ರತಿ ಇಟ್ಟಿಗೆಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಒಂದೊಂದಾಗಿ ಎತ್ತಿಡಬೇಕು. ಬಾಗಿದ ತೊಲೆಯನ್ನು ಜಾಕಿನಿಂದ ಒಮ್ಮೆಗೆ ಒಂದೆರಡು ಮಿಲಿಮೀಟರಿನಷ್ಟೇ ಎತ್ತಬೇಕು. ಅವಸರಿಸಿದರೆ ಮೇಲಿನ ಗೋಡೆ ಬಿರುಕು ಬಿಡುತ್ತದೆ. ಕೊಳೆತ ತೊಲೆಯನ್ನು ಬದಲಿಸಿ, ಮರದ ಅಚ್ಚಿನ ಮೇಲೆ ಕಮಾನನ್ನು ಮತ್ತೆ ಕಟ್ಟಿ, ಗಾರೆ ಬಲಿತ ಮೇಲೆ ಅಚ್ಚನ್ನು ತೆಗೆದುಬಿಡಬೇಕು. ಹಾಸಿನ ತಳಕ್ಕೆ ತಾಗಿ ಉರಿಯುವ ವಸ್ತು ಉಳಿಯಕೂಡದೆಂದು ಅಮೆರಿಕದ ಇಂದಿನ ಮಾದರಿ ಕಟ್ಟಡ ಸಂಹಿತೆ ಹೇಳುತ್ತದೆ. ಹಾಸು ಕನಿಷ್ಠ 16 ಅಂಗುಲ, ಗೂಡಿನ ಬಾಯಿ ದೊಡ್ಡದಾದರೆ 20 ಅಂಗುಲ ಮುಂದಕ್ಕೆ ಚಾಚಿರಬೇಕು.

ಇಟ್ಟಿಗೆಗಳನ್ನು ಮರಳಿ ಕೂರಿಸಲು ಸುಣ್ಣದ ಗಾರೆಯೇ ಏಕೆ? ಅರಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ, ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಹಾಗಿದ್ದರೂ ಅದು ಇಟ್ಟಿಗೆಗಿಂತ ಮೆದು. ಕಟ್ಟಡ ಅಲುಗಿದಾಗ ಗಾರೆ ಬಿರಿಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಗಡುಸು ಸಿಮೆಂಟು ಹಾಕಿದ್ದರೆ ಒಡೆಯುವುದು ಹಳೆಯ ಮೆದು ಇಟ್ಟಿಗೆಯೇ. ಗಾರೆಯನ್ನು ಮತ್ತೆ ಕಲಸಬಹುದು; ಇನ್ನೂರೈವತ್ತು ವರ್ಷದ ಇಟ್ಟಿಗೆ ಮತ್ತೆ ಸಿಗದು.

ಯಾವುದೇ ಹಳೆಯ ಕಟ್ಟಡದಲ್ಲಿ ನೆಲ ತಗ್ಗಾಗಿರುವುದು ಕಂಡರೆ, ಅದನ್ನು ಹೊತ್ತಿರುವುದೇನು ಎಂದು ಮೊದಲು ಕೇಳಿ.