ಕಾಯುತ್ತಿದ್ದ ಮಂಗಟ್ಟೆ

ಕಾಡಿನ ಹಕ್ಕಿಯ ಚಿತ್ರವನ್ನು ತೆಗೆಯುವುದು ಕಷ್ಟವೆಂದು ಎಲ್ಲರೂ ಬಲ್ಲರು. ತೆಗೆಯದೆ ಹಿಂದಿರುಗುವುದು ಅದಕ್ಕಿಂತಲೂ ಕಷ್ಟವೆಂಬುದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು. ಪಾಠ ಹೇಳುವವನಿಗೆ ಪಾಠ ಕಲಿಯುವ ಯೋಗವೂ ಆಗಾಗ ಒದಗುವುದುಂಟು.

ಮೊದಲ ಪಾಠವಾದದ್ದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ. ಸಂತ ಸೇವಾಲಾಲರ ಜನ್ಮಸ್ಥಳವಾದ ಅಲ್ಲಿ ಫೆಬ್ರವರಿಯ ನಡುವಿನಲ್ಲಿ ಜಯಂತಿಯ ಜಾತ್ರೆ ನೆರೆಯುತ್ತದೆ. ಮಾಲೆ ಧರಿಸಿದ ಬಂಜಾರ ಭಕ್ತರು ದೂರದ ತಾಂಡಾಗಳಿಂದ ಬರುತ್ತಾರೆ. ಆ ಸೀಮೆಯವನೇ ಆದ ನನ್ನ ವಿದ್ಯಾರ್ಥಿಯೊಬ್ಬ ಹೊಸ ಕ್ಯಾಮರಾ ಹಿಡಿದು ಜೊತೆಗಿದ್ದ. ಕನ್ನಡಿಯ ಬಿಲ್ಲೆಗಳನ್ನು ಹೊಲಿದ ಉಡುಪಿನ ಅಜ್ಜಿಯೊಬ್ಬಳು ನೆರಳಿನಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಹುಡುಗ ಹಿಂಜರಿದ. "ತೆಗೆಯಯ್ಯ" ಎಂದು ನಾನೇ ತಿವಿದೆ. ಆಕೆ ಸೆರಗನ್ನು ಮುಖಕ್ಕೆಳೆದುಕೊಂಡು, "ಕೇಳಿ ತೆಗೀಬೇಕಪ್ಪಾ, ಉಣ್ಣೋರ ಮುಂದೆ ಹಿಂಗೆ ನಿಲ್ತಾರಾ?" ಎಂದಳು. ನಾಚಿಕೆಯಾಯಿತು, ಆದರೆ ಆ ನಾಚಿಕೆ ಒಂದು ತಿಂಗಳೂ ಬಾಳಲಿಲ್ಲ.

ಮಾರ್ಚಿಯಲ್ಲಿ ಇಬ್ಬರೂ ದಾಂಡೇಲಿಗೆ ಹೊರಟೆವು. ಕೊಪ್ಪದ ಸುತ್ತಣ ಮೆಕ್ಕೆಜೋಳದ ಹೊಲಗಳಲ್ಲಿ ದೊಡ್ಡ ಮಂಗಟ್ಟೆ ಕಾಣಸಿಗದು. ಅದಕ್ಕೆ ಘಟ್ಟದ ಹೆಮ್ಮರಗಳೇ ಬೇಕು. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. 2011ರಲ್ಲಿ ಅವುಗಳಿಗೆಂದೇ ಸಂರಕ್ಷಿತ ಪ್ರದೇಶವೂ ಘೋಷಿತವಾಯಿತು. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಹತ್ತಿಸಿದ ಹುಚ್ಚು ನನ್ನದಾದರೆ, ಸ್ಪರ್ಧೆಯೊಂದಕ್ಕೆ ಚಿತ್ರ ಕಳುಹಿಸುವ ಆಸೆ ಹುಡುಗನದು.

ದೊಡ್ಡ ಮಂಗಟ್ಟೆಯ ತಲೆಯ ಮೇಲಿರುವುದು ಗರಿಯ ಜುಟ್ಟಲ್ಲ. ಕೊಕ್ಕಿನ ಬುಡದಿಂದ ನೆತ್ತಿಯವರೆಗೆ ಏರಿನಿಂತ ಹಳದಿಯ ಕಿರೀಟ. ನೋಟಕ್ಕೆ ಭಾರ, ಒಳಗೆ ಪೊಳ್ಳು. ಅದರ ಸಂಸಾರ ಇನ್ನೂ ವಿಚಿತ್ರ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯನ್ನೂ ಹಣ್ಣಿನ ತಿರುಳನ್ನೂ ಮೆತ್ತಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಬಿರುಕು. ಒಳಗೆ ಹಳೆಯ ಗರಿಗಳು ಉದುರುತ್ತವೆ. ಮೊಟ್ಟೆ ಒಡೆಯಲು ಸುಮಾರು 40 ದಿನ. ಆ ಸೆರೆವಾಸದುದ್ದಕ್ಕೂ ಗಂಡು ಗಂಟಲಲ್ಲಿ ತುಂಬಿ ತಂದ ಅತ್ತಿ ಆಲದ ಹಣ್ಣುಗಳೇ ಅನ್ನ. ಗಂಡು ಬಾರದಿದ್ದರೆ ಒಳಗೆ ಹಸಿವು.

ಪರವಾನಗಿ ಪಡೆದು, ಮಾರ್ಗದರ್ಶಿಯೊಡನೆ ಬೆಳಕು ಹರಿಯುವ ಮುನ್ನವೇ ಹೋಗಿ ಕುಳಿತೆವು. ಗೂಡಿನ ಮರ ದೂರವೆನಿಸಿತು. ಮಾರ್ಗದರ್ಶಿ ಕಣ್ಣು ತಪ್ಪಿಸಿದ ಒಂದು ಗಳಿಗೆಯಲ್ಲಿ ನಾನು ಹುಡುಗನನ್ನು ಇಪ್ಪತ್ತು ಹೆಜ್ಜೆ ಮುಂದಕ್ಕೆ ಕರೆದೊಯ್ದೆ. ಆಗ ಮೇಲಿನಿಂದ, ಉಗಿಬಂಡಿ ಉಸಿರು ಬಿಟ್ಟಂತೆ, ರೆಕ್ಕೆಯ ಸದ್ದು ಕೇಳಿಸಿತು. ಗಂಡು ಎದುರಿನ ಮರದಲ್ಲಿ ಕುಳಿತಿತು. ಕೆಂಪು ಕಣ್ಣು, ಉಬ್ಬಿದ ಗಂಟಲು. ಹುಡುಗ ಒಂದು ಚಿತ್ರ ತೆಗೆದ. ಹಕ್ಕಿ ಗೂಡಿನತ್ತ ನೋಡಿತು, ನಮ್ಮತ್ತ ನೋಡಿತು, ಕದಲಲಿಲ್ಲ. ಅರ್ಧ ಗಂಟೆ ಕಳೆಯಿತು. ಬಿರುಕಿನಿಂದ ಕೊಕ್ಕಿನ ತುದಿಯೊಂದು ಹೊರಬಂದು ಒಳಸರಿಯಿತು.

"ಹಿಂದೆ ಬನ್ನಿ ಸಾರ್," ಎಂದು ಮಾರ್ಗದರ್ಶಿ ಪಿಸುಗುಟ್ಟಿದ. "ನೀವಿರೋ ತನಕ ಅದು ಬರೂದಿಲ್ಲ."

ನಾನು ಇನ್ನೈದು ನಿಮಿಷ ಬೇಡಲಿದ್ದೆ. ಅಷ್ಟರಲ್ಲಿ ಹುಡುಗ ಕ್ಯಾಮರಾದ ಕಣ್ಣಿಗೆ ಮುಚ್ಚಳ ಹಾಕಿ, "ಸರ್, ಜಾತ್ರೆಯ ಅಜ್ಜಿ ನೆನಪಾಗ್ತಾಳೆ" ಎಂದ. ಉತ್ತರ ಹೇಳಲು ಎಂ.ಎ. ಪದವಿ ನೆರವಾಗಲಿಲ್ಲ. ಎದ್ದು ಹಿಂದಕ್ಕೆ ಬಂದೆವು. ಮರಗಳ ಮರೆಗೆ ಬರುತ್ತಿದ್ದಂತೆ ಬೆನ್ನ ಹಿಂದೆ ಮತ್ತೆ ರೆಕ್ಕೆಯ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

ಹುಡುಗ ಸ್ಪರ್ಧೆಗೆ ಏನನ್ನೂ ಕಳುಹಿಸಲಿಲ್ಲ. ಆ ಒಂದೇ ಚಿತ್ರ ಈಗ ನನ್ನ ಮೇಜಿನ ಮೇಲಿದೆ. ಬಂದವರು, "ಎಷ್ಟು ಗಂಭೀರವಾಗಿ ಕುಳಿತಿದೆ, ಹೇಳಿ ಕೂರಿಸಿದ ಹಾಗೆ!" ಎಂದು ಮೆಚ್ಚುತ್ತಾರೆ. ಅದು ನಮ್ಮ ನಿರ್ಗಮನಕ್ಕಾಗಿ ಕಾಯುತ್ತಿತ್ತೆಂದು ನಾನು ಒಬ್ಬೊಬ್ಬರಿಗೂ ಹೇಳುತ್ತೇನೆ.